ಐದು ವಾರಕ್ಕ ಬಿಟ್ಟ ಔಷಧ, ಹೈದರಾಬಾದಿನ ಪ್ಯಾಕೇಜು: ಸೇಡಂ ತಮ್ಮನ ಕೂದ್ಲ ಪ್ರಶ್ನಿಗಿ ಉತ್ತರ

ಪ್ರಶ್ನಿ: ಡಾಕ್ಟರ್ ಮೇಡಂ ನಮಸ್ಕಾರ್ರಿ. ನಮ್ಮದು ಸೇಡಂ ಕಡಿ, ವಯಸ್ಸು 27, ಕಲಬುರಗ್ಯಾಗ ಆಫೀಸ್ ಕೆಲಸ. ಐದು ವರ್ಷದಿಂದ ಹಣಿ ಎರಡೂ ಬದಿ ಹಿಂದ ಸರಿಲಾಕತ್ತದ, ಈಗ ನೆತ್ತಿನೂ ತೆಳ್ಳಗಾಗಿ ಚರ್ಮ ಕಾಣ್ತದ. ಅಪ್ಪಗ ಬಕ್ಕತೆಲಿ, ಸೋದರಮಾವಗೂ ಅದೇ. ಹೋದ ವರ್ಷ ಡೆಂಗ್ಯೂ ಆಗಿ ಅಡ್ಮಿಟ್ ಆಗಿದ್ದೆ, ಅದಾಗಿ ಎರಡು ಮೂರು ತಿಂಗಳಿಗಿ ಜಳಕಾ ಮಾಡುವಾಗ ಮುಷ್ಟಿ ತುಂಬ ಕೂದ್ಲ ಬರ್ತಿದ್ವು. ರೂಮಿನ ಬೋರ್ ನೀರಿಂದ ಅಂತ ಗೆಳೆಯಾರು ಅಂದ್ರು, ಕ್ಯಾನ್ ನೀರಿಲೆ ತೆಲಿ ತೊಳ್ಕೊಂಡೆ. ಉಳ್ಳಾಗಡ್ಡಿ ರಸ ಹಚ್ಚಿದೆ, ಜಾತ್ರ್ಯಾಗ ಒಂದು ಎಣ್ಣಿ ತೊಗೊಂಡೆ, ಬಯೋಟಿನ್ ಅನ್ನೋ ವಿಟಮಿನ್ ಗುಳಿಗಿ ನುಂಗಿದೆ. ಮೆಡಿಕಲ್‌ನವರು ಮಿನಾಕ್ಸಿಡಿಲ್ ಕೊಟ್ರು, ಹಚ್ಚಿದ ಮ್ಯಾಲ ಇನ್ನೂ ಜಾಸ್ತಿ ಉದುರಿದ್ವು, ಅಂಜಿ ಐದು ವಾರಕ್ಕ ಬಿಟ್ಟೆ. ಫಿನಾಸ್ಟರೈಡ್ ಗುಳಿಗಿ ತೊಗೊಂಡ್ರ ಗಂಡಸ್ತನ ಹೋಗ್ತದ ಅಂತಾರ, ಖರೇನಾ? ಹೈದರಾಬಾದ್‌ದಾಗ ಒಂದು ಕ್ಲಿನಿಕ್‌ನವರು ಕೂದ್ಲ ಕಸಿ ಮಾಡ್ತೀವಿ, 4000 ಗ್ರಾಫ್ಟ್ (ಹಿಂದ್ಲೆಲಿಂದ ತೆಗದು ಮುಂದ ನೆಡೋ ಕೂದ್ಲಿನ ಸಸಿ) ಒಂದೇ ದಿನದಾಗ ಹಾಕ್ತೀವಿ ಅಂತ ಪ್ಯಾಕೇಜ್ ಹೇಳ್ಯಾರ, ಸಾಲ ಮಾಡಿ ಹೋಗ್ಬೇಕಂತ ಮಾಡೀನಿ, ನಾಲ್ಕು ತಿಂಗಳಿಗಿ ಮದುವಿ ಅದ. ಇನ್ನೊಂದು, ನಮ್ಮಕ್ಕನ ಮಗ ಒಂಬತ್ತು ವರ್ಷದಾಂವ, ತೆಲ್ಯಾಗ ನಾಣ್ಯದಷ್ಟು ದುಂಡಗ ಬೋಳಾಗ್ಯದ, ಹುಳಾ ತಿಂದದ ಅಂತಾರ, ಅದಕ್ಕೇನು ಮಾಡೋದು?

ಉತ್ತರ: ನೋಡ್ರಿ ತಮ್ಮಾ, ನಿಮ್ಮ ಪತ್ರ ನಾ ಎರಡು ಸಲ ಓದಿದೆ. ನಿಮ್ಮ ತೆಲ್ಯಾಗ ಕೂದ್ಲ ಉದುರೋದು ಎರಡು ನಮೂನಿ ನಡದದ, ನೀವು ಎರಡೂ ಕೂಡಿಸಿ ಒಂದೇ ಗಂಟು ಕಟ್ಟೀರಿ. ಡೆಂಗ್ಯೂ ಆದಮ್ಯಾಲ ಮುಷ್ಟಿ ತುಂಬ ಬಂದದ್ದು ಬ್ಯಾರೆ, ಐದು ವರ್ಷದಿಂದ ಸದ್ದಿಲ್ದ ಹಣಿ ಹಿಂದ ಸರಿದದ್ದು ಬ್ಯಾರೆ. ಜ್ವರದ್ದು ನೋಡಿದ್ರ ಎದಿ ಝಲ್ಲಂತದ, ಆದ್ರ ಅದು ತಾನಾಗೇ ಹೋಗೋದು. ನಿಮ್ಮ ರೊಕ್ಕ, ಟೈಮು, ನಿದ್ದಿ ಎಲ್ಲಾ ಅದರ ಹಿಂದ ಹೋಗ್ಯದ, ನಿಜವಾಗಿ ಔಷಧ ಬೇಕಾಗಿದ್ದ ಇನ್ನೊಂದು ಐದು ವರ್ಷ ಹಂಗೇ ಉಳ್ಕೊಂಡದ.

ಮೊದ್ಲು ಜ್ವರದ್ದು ಹೇಳ್ತೀನಿ. ತೆಲಿ ಮ್ಯಾಲ ಸುಮಾರು ಒಂದು ಲಕ್ಷ ಕೂದ್ಲ ಇರ್ತಾವ, ಒಂದೊಂದು ಕೂದ್ಲ 2 ರಿಂದ 6 ವರ್ಷ ಬೆಳಿತದ, ತಿಂಗಳಿಗಿ ಹೆಚ್ಚುಕಡಿಮಿ ಒಂದು ಸೆಂಟಿಮೀಟರ್, ಆಮ್ಯಾಲ ಬೆಳ್ಯೋದು ನಿಲ್ಲಿಸಿ ಒಂದು ಮೂರು ತಿಂಗಳು ಸುಮ್ನ ಕುಂದರ್ತದ, ಕಡೀಕ ಉದುರಿ ಅದೇ ಬೇರಿನಾಗಿಂದ ಹೊಸಾದು ಹುಟ್ತದ. ಎಲ್ಲಾ ಕೂದ್ಲ ಒಮ್ಮೆಲೆ ಈ ಪಾಳಿಗಿ ಬರಲ್ಲ ಅಂತಲೇ ನಮಗ ಗೊತ್ತಾಗಲ್ಲ, ದಿನಾ 50 ರಿಂದ 100 ಹೋಗ್ತಾವ, ಅದು ಲೆಕ್ಕಕ್ಕ ಬರಲ್ಲ. ಡೆಂಗ್ಯೂ, ಟೈಫಾಯಿಡ್, ಕೋವಿಡ್, ಹೆರಿಗಿ, ದೊಡ್ಡ ಆಪರೇಷನ್, ಊಟ ಬಿಟ್ಟು ಹತ್ತು ಕೇಜಿ ಇಳಿಸೋದು, ಇಂಥಾದ್ದೇನರ ಆದ್ರ ದೇಹ ಬೆಳ್ಯೋ ಕೂದ್ಲಿನ ಪೈಕಿ ಭಾಳಷ್ಟನ್ನ ಒಮ್ಮೆಲೆ ಸುಮ್ನ ಕುಂದ್ರಸ್ತದ, ಅವೆಲ್ಲಾ ಎರಡು ಮೂರು ತಿಂಗಳು ಬಿಟ್ಟು ಒಟ್ಟಿಗಿ ಉದುರ್ತಾವ. ನಿಮಗೂ ಬರೋಬ್ಬರಿ ಅದೇ ಲೆಕ್ಕಕ್ಕೇ ಉದುರ್ಯಾವ. ಆದ್ರ ಎರಡು ತಿಂಗಳ ಹಿಂದಿನ ಜ್ವರ ಯಾರಿಗಿ ನೆನಪಿರ್ತದ, ಮೊನ್ನೆ ಬದಲಿ ಮಾಡಿದ ಶಾಂಪೂ ನೆನಪಿರ್ತದ, ರೂಮಿನ ನೀರು ನೆನಪಿರ್ತದ, ಅದರ ಮ್ಯಾಲೇ ತಪ್ಪು ಹೊರಿಸ್ತೀವಿ.

ಜೇವರ್ಗಿ ಕಡಿಂದ ಒಬ್ಬ ತಾಯಿ ಮಗಳನ್ನ ಕರ್ಕೊಂಡು ಬಂದಿದ್ರು, ಕ್ಯಾರಿಬ್ಯಾಗ್‌ದಾಗ ಕೂದ್ಲ ಗಂಟು, ಅದರ ಜೋಡಿ ನೋಟ್‌ಬುಕ್ಕಿನ ಹಾಳ್ಯಾಗ ದಿನಾ ಎಷ್ಟು ಅಂತ ಎಣಿಸಿ ಬರದಿದ್ರು, 240, 310, 275, ಹಿಂಗ. ನಾ ಆ ಗಂಟಿನಾಗಿಂದ ಒಂದು ಕೂದ್ಲ ತೆಗದು ಕರೇ ಬಟ್ಟಿ ಮ್ಯಾಲ ಇಟ್ಟು ತುದಿ ತೋರಿಸಿದೆ, ಬುಡದಾಗ ಸಾಸ್ವಿಕಿಂತ ಸಣ್ಣ ಬಿಳಿ ಗಂಟು. ತಾಯಿ ಅದನ್ನ ನೋಡಿ "ಬೇರೇ ಕಿತ್ತು ಬಂದದಲ್ರಿ" ಅಂತ ಅಳ್ಲಾಕತ್ರು. ಅದು ಬೇರಲ್ರಿ ಅವ್ವ, ಬೇರು ಚರ್ಮದಾಗೇ ಅದ, ಇದು ಕೆಲಸ ಮುಗಿಸಿದ ಕೂದ್ಲಿನ ಬುಡ, ಬಿಳಿ ಗಂಟು ಇದ್ದದ್ದಕ್ಕೇ ಇದು ತನ್ನ ಪಾಳಿ ಮುಗಿಸಿ ಬಂದದ ಅಂತ ಅರ್ಥ ಅಂದೆ. ಹುಡುಗಿಗಿ ಹಿಂದಿನ ತಿಂಗಳುಗಳಾಗ ಟೈಫಾಯಿಡ್ ಆಗಿತ್ತು. ರಕ್ತ ಪರೀಕ್ಷಾದಾಗ ಕಬ್ಬಿಣದ ಅಂಶ ಕಡಿಮಿ ಬಂತು, ಅದಕ್ಕೊಂದೇ ಗುಳಿಗಿ ಕೊಟ್ಟೆ. ಐದಾರು ತಿಂಗಳಿಗಿ ಬಂದಾಗ ಹಣಿ ಅಂಚಿಗೆಲ್ಲಾ ಬೆರಳಿನಷ್ಟುದ್ದ ಹೊಸಾ ಕೂದ್ಲ ನೆಟ್ಟಗ ನಿಂತಿದ್ವು, ಎಣ್ಣಿ ಹಚ್ಚಿದ್ರೂ ಕುಂದರವಲ್ವು ಅಂತ ಆ ತಾಯಿ ನಗ್ಲಾಕತ್ತಿದ್ರು.

ನಿಮ್ಮ ಡೆಂಗ್ಯೂ ಉದುರೂ ಇಷ್ಟೊತ್ತಿಗಿ ನಿಂತಿರ್ಬೇಕು. ಅದನ್ನ ಬಿಟ್ಟುಬಿಡ್ರಿ.

ಈಗ ಹಣಿ ಮತ್ತ ನೆತ್ತಿ. ಇದಕ್ಕ ಪುರುಷ ಮಾದರಿ ಬೋಳು ಅಂತಾರ, ಡಾಕ್ಟರ್ ಚೀಟಿ ಮ್ಯಾಲ ಆಂಡ್ರೋಜೆನೆಟಿಕ್ ಅಲೋಪೀಸಿಯಾ ಅಂತ ಬರಿತಾರ. ಡರ್ಮೋಸ್ಕೋಪ್ ಅಂತ ಒಂದು ಸಣ್ಣ ದುರ್ಬೀನು ಇರ್ತದ, ಅದನ್ನ ತೆಲಿಗಿ ಹಚ್ಚಿ ನೋಡಿದ್ರ ಹಿಂದ್ಲೆಲೆ, ಕುತ್ತಿಗಿ ಮ್ಯಾಲಿನ ಕಡಿ ಎಲ್ಲಾ ಕೂದ್ಲ ಒಂದೇ ದಪ್ಪ ಕಾಣ್ತಾವ, ಒಂದು ತೂತಿನಾಗಿಂದ ಎರಡು ಮೂರು ಹೊರಟಿರ್ತಾವ. ಅದೇ ನೆತ್ತಿಗಿ ಹಚ್ಚಿದ್ರ ಒಂದು ದಪ್ಪ, ಅದರ ಬಾಜೂಕ ಜೇಡರ ಎಳಿಯಂಗ ಸಣ್ಣದೊಂದು, ಆಮ್ಯಾಲ ಮತ್ತೊಂದು ಸಣ್ಣದು. ನಮ್ಮ ಕಡಿ ಮಳಿ ಕೈಕೊಟ್ಟ ವರ್ಷ ತೊಗರಿ ಹೊಲ ನೋಡೀರಲ್ಲ, ಸಾಲಿನಾಗ ಸಸಿ ಲೆಕ್ಕ ಅಷ್ಟೇ ಇರ್ತದ, ಆದ್ರ ಒಂದೊಂದು ಸಸಿ ಸಣಕಲಾಗಿ ನಡುವ ನೆಲ ಕಾಣ್ತದ. ನಿಮ್ಮ ನೆತ್ತಿನೂ ಹಂಗೇ. ಕೂದ್ಲ ಸತ್ತಿಲ್ಲ, ಪ್ರತಿ ಪಾಳಿಗಿ ಸಣ್ಣಾಗಿ, ಗಿಡ್ಡಾಗಿ ಹುಟ್ಲಾಕತ್ತಾವ. ಈ ಹಂತದಾಗ ಹಿಡದ್ರ ಉಳಸ್ಲಾಕ ಬರ್ತದ, ಪೂರಾ ನುಣ್ಣಗಾಗಿ ವರ್ಷಗಟ್ಟಲೆ ಆದ ಜಾಗಕ್ಕ ಯಾವ ಔಷಧನೂ ಕೂದ್ಲ ತರಲ್ಲ. ಔಷಧದ ಕೆಲಸ ಹೆಚ್ಚಿನಂಶ ಇದ್ದದ್ದನ್ನ ಉಳಸೋದು, ಅದಕ್ಕೇ ನಾ 27ಕ್ಕ ಬಂದೀರಿ ಅಂದ್ರ ಛಲೋ ಆಯ್ತು ಅಂತೀನಿ, ನಿಮಗ ತಡಾ ಆಗ್ಯದ ಅನ್ನಿಸಿದ್ರೂ.

ಇದು ಯಾಕ ಆಗ್ತದ ಅನ್ನೋದು ತಿಳಿದದ್ದೇ ಒಂದು ದೊಡ್ಡ ಕತಿ. 1942ರಾಗ ಅಮೆರಿಕಾದ ಜೇಮ್ಸ್ ಹ್ಯಾಮಿಲ್ಟನ್ ಅನ್ನೋರು, ಹುಡುಗರಿದ್ದಾಗಲೇ ವೃಷಣ ತೆಗೆಸಿಕೊಂಡೋರಿಗಿ ಬಕ್ಕತೆಲಿ ಆಗಲ್ಲ, ಆದ್ರ ಅಂಥೋರಿಗಿ ಟೆಸ್ಟೋಸ್ಟೆರಾನ್ ಕೊಟ್ರ ಮನೆತನದಾಗ ಬೋಳಿದ್ದೋರಿಗಿ ಆಗ್ತದ ಅಂತ ತೋರಿಸಿದ್ರು. ಅಂದ್ರ ಹಾರ್ಮೋನೂ ಬೇಕು, ಮನೆತನದ ಗುಣಾನೂ ಬೇಕು. ಆಮ್ಯಾಲ 1974ರಾಗ ಡೊಮಿನಿಕನ್ ರಿಪಬ್ಲಿಕ್ ದೇಶದ ಕೆಲವು ಹಳ್ಳಿ ಮಕ್ಕಳ ಬಗ್ಗೆ ಜೂಲಿಯನ್ ಇಂಪೆರಾಟೊ ಮ್ಯಾಕ್‌ಗಿನ್ಲಿ ಅನ್ನೋ ಡಾಕ್ಟರು ಬರದ್ರು. ಹುಟ್ಟಿದಾಗ ಹೆಣ್ಣು ಅಂತ ತಿಳಿದು ಸಾಕಿದ ಮಕ್ಕಳು ಹರೇಕ್ಕ ಬಂದಾಗ ಗಂಡಾಗಿ ಬೆಳಿತಿದ್ರು, ಅವರ ದೇಹದಾಗ ಟೆಸ್ಟೋಸ್ಟೆರಾನನ್ನ ಡಿಎಚ್‌ಟಿ ಅನ್ನೋ ಇನ್ನೊಂದು ಹಾರ್ಮೋನಾಗಿ ಬದಲಿಸೋ ಕಿಣ್ವ ಇರಲಿಲ್ಲ. ಅಂಥೋರು ದೊಡ್ಡೋರಾದ ಮ್ಯಾಲ ಅವರ ಪ್ರಾಸ್ಟೇಟ್, ಅಂದ್ರ ಗಂಡಸರ ಮೂತ್ರಚೀಲದ ಕೆಳಗಿರೋ ಗ್ರಂಥಿ, ಸಣ್ಣದೇ ಉಳೀತಿತ್ತು, ಹಣಿನೂ ಹಿಂದ ಸರೀತಿರಲಿಲ್ಲ. ಅಂದ್ರ ಹಣಿ, ನೆತ್ತಿ ಕೂದ್ಲನ್ನ ಸಣ್ಣ ಮಾಡೋದು ಆ ಡಿಎಚ್‌ಟಿ. ಆ ಕಿಣ್ವ ತಡಿಯೋ ಗುಳಿಗಿನೇ ಫಿನಾಸ್ಟರೈಡ್, 1992ರಾಗ ಪ್ರಾಸ್ಟೇಟ್‌ಗಾಗಿ 5 ಮಿಲಿಗ್ರಾಂ, 1997ರಾಗ ಕೂದ್ಲಿಗಾಗಿ 1 ಮಿಲಿಗ್ರಾಂ ಅಮೆರಿಕಾದಾಗ ಒಪ್ಪಿಗಿ ಸಿಕ್ಕಿತು. ತಾಯಿ ಕಡಿಂದ ಬರ್ತದ, ಸೋದರಮಾವನ ತೆಲಿ ನೋಡ್ಬೇಕು ಅಂತ ನಮ್ಮಲ್ಲಿ ಹೇಳ್ತಾರ, ಅದರಾಗ ಸ್ವಲ್ಪ ಖರೇ ಅದ, ಒಂದು ಮುಖ್ಯ ಜೀನ್ ತಾಯಿ ಕೊಡೋ ಎಕ್ಸ್ ಕ್ರೋಮೋಸೋಮ್ ಮ್ಯಾಲ ಅದ, ಆದ್ರ ಅಪ್ಪನ ಕಡಿಂದೂ ಭಾಳ ಬರ್ತಾವ, ನಿಮಗಂತೂ ಎರಡೂ ಕಡಿಂದ ಬಂದದ.

ಈಗ ನಿಮ್ಮ ಅಂಜಿಕಿ ವಿಷಯಕ್ಕ ಬರ್ತೀನಿ, ಇದನ್ನ ಕೇಳ್ಲಾಕ ಹುಡುಗರು ಭಾಳ ನಾಚ್ತಾರ, ನಾ ಹೆಣ್ಣು ಡಾಕ್ಟರ್ ಅಂತ ಇನ್ನೂ ನಾಚ್ತಾರ, ಚೀಟಿ ಬರಸ್ಕೊಂಡು ಹೋಗಿ ಗುಳಿಗಿ ನುಂಗಂಗೇ ಇಲ್ಲ, ಮುಂದಿನ ಸಲ ಕೇಳಿದ್ರ ತೆಲಿ ಕೆಳಗ ಹಾಕ್ತಾರ. ನೀವು ನೇರ ಕೇಳೀರಿ, ನಾನೂ ನೇರ ಹೇಳ್ತೀನಿ. ಫಿನಾಸ್ಟರೈಡ್‌ನ ದೊಡ್ಡ ಟ್ರಯಲ್‌ದಾಗ 1500ಕ್ಕಿಂತ ಜಾಸ್ತಿ ಗಂಡಸರಿದ್ರು, ಎರಡು ವರ್ಷಕ್ಕ ಗುಳಿಗಿ ತೊಗೊಂಡೋರ ಪೈಕಿ 100ಕ್ಕ 83 ಮಂದಿಗಿ ನೆತ್ತಿ ಕೂದ್ಲ ಮೊದಲಿನಕಿಂತ ಕಡಿಮಿ ಆಗ್ಲಿಲ್ಲ, ಔಷಧ ಇಲ್ದ ಖಾಲಿ ಗುಳಿಗಿ ತೊಗೊಂಡೋರಾಗ ಅದು 28 ಇತ್ತು. ಇದು ನೆತ್ತಿ ಮಾತು, ಹಣಿ ಅಂಚಿಗಿ ಅಷ್ಟು ಚಂದ ಕೆಲಸ ಮಾಡಲ್ಲ. ಆಸೆ ಕಡಿಮಿ ಆಗೋದು, ನಿಮಿರೋದ್ರಾಗ ತೊಂದ್ರಿ, ವೀರ್ಯ ಕಡಿಮಿ ಬರೋದು, ಇವೆಲ್ಲಾ ಕೂಡಿಸಿ ಗುಳಿಗಿ ತೊಗೊಂಡೋರಾಗ 100ಕ್ಕ 3.8, ಖಾಲಿ ಗುಳಿಗಿಯೋರಾಗ 2.1. ಅಂದ್ರ ತೊಂದ್ರಿ ಅದ, ಸುಳ್ಳಲ್ಲ, ಆದ್ರ 100ರಾಗ 95ಕ್ಕಿಂತ ಜಾಸ್ತಿ ಮಂದಿಗಿ ಆಗಲ್ಲ, ಆದೋರಾಗೂ ಹೆಚ್ಚಿನೋರಿಗಿ ಬಿಟ್ರ ಹೋಗ್ತದ.

ಕೆಲವರಿಗಿ ಬಿಟ್ಟ ಮ್ಯಾಲೂ ಉಳಿತದ ಅಂತ ವರದಿ ಅವ, ಅದಕ್ಕ 2012ರಾಗ ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಬಲ್ ಮ್ಯಾಲ ಹಾಕಿಸ್ತು. ಮನಸ್ಸು ಕುಗ್ಗೋದು ಅಡ್ಡ ಪರಿಣಾಮದ ಪಟ್ಟ್ಯಾಗ ಮೊದ್ಲೇ ಇತ್ತು, ಸಾಯೋ ವಿಚಾರ ಬರೋದೂ ಅಡ್ಡ ಪರಿಣಾಮ ಅಂತ 2025ರಾಗ ಯುರೋಪಿನ ಔಷಧ ಏಜೆನ್ಸಿ ಖಾತ್ರಿ ಮಾಡ್ತು. ಹಿಂಗಾಗಿ ಮೊದಲಿಂದ ಡಿಪ್ರೆಶನ್ ಇದ್ದೋರಿಗಿ ನಾ ಈ ಗುಳಿಗಿ ಶುರು ಮಾಡಲ್ಲ, ಉಳಿದೋರಿಗಿ ಮನಸ್ಸು ಜರಾ ಭಾರ ಅನ್ನಿಸಿದ್ರೂ ಅವತ್ತೇ ನಿಲ್ಲಿಸಿ ನನಗ ಫೋನ್ ಮಾಡ್ರಿ ಅಂತ ಹೇಳಿ ಕಳಸ್ತೀನಿ. ಇದರ ಜೋಡಿ ಇನ್ನೊಂದೂ ತಿಳ್ಕೋಬೇಕು. ಇಟಲಿಯ ಡಾಕ್ಟರುಗಳು 2007ರಾಗ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಪ್ರಾಸ್ಟೇಟ್ ರೋಗಿಗಳಿಗಿ ಇದೇ ಔಷಧ 5 ಮಿಲಿಗ್ರಾಂ ಕೊಟ್ಟು ಅರ್ಧ ಮಂದಿಗಿ ಲೈಂಗಿಕ ತೊಂದ್ರಿ ಆಗಬಹುದು ಅಂತ ಹೇಳಿದ್ರು, ಅರ್ಧ ಮಂದಿಗಿ ಹೇಳಲಿಲ್ಲ. ಹೇಳಿದೋರಾಗ 100ಕ್ಕ 43.6 ಮಂದಿ ತೊಂದ್ರಿ ಆಯ್ತಂದ್ರು, ಹೇಳದೋರಾಗ 15.3. ಔಷಧ ಒಂದೇ. ಅಂಜಿಕಿ ತಾನೂ ಒಂದು ಕಾರಣ ಆಗ್ತದ, ನೀವು ರಾತ್ರಿ ಎಲ್ಲಾ ಮೊಬೈಲ್‌ದಾಗ ಅದನ್ನೇ ಹುಡುಕಿ ಓದಿ ಬೆಳಗ್ಗೆ ಗುಳಿಗಿ ನುಂಗಿದ್ರ ದೇಹ ಕೇಳಂಗಿಲ್ಲ.

ಮದುವಿ ಅದ ಅಂದೀರಿ, ಅದಕ್ಕ ಎರಡು ಮಾತು. ಕೆಲವರಾಗ ಈ ಗುಳಿಗಿಲಿಂದ ವೀರ್ಯದ ಕೌಂಟ್ ಇಳಿಬಹುದು, ಬಿಟ್ರ ಸುಧಾರಿಸ್ತದ, ಮಕ್ಕಳ ವಿಚಾರ ಮಾಡುವಾಗ ಡಾಕ್ಟರಿಗಿ ಹೇಳ್ರಿ. ಮತ್ತ ಗುಳಿಗಿ ಮುರದು ಪುಡಿ ಆಗಿದ್ರ ಬಸುರಿ ಹೆಣ್ಣುಮಕ್ಕಳು ಮುಟ್ಟಬಾರದು, ಹೊಟ್ಟ್ಯಾಗ ಗಂಡು ಕೂಸಿದ್ರ ಅದರ ಜನನಾಂಗದ ಬೆಳವಣಿಗಿಗಿ ತೊಂದ್ರಿ ಆಗಬಹುದು. ರಕ್ತದಾನ ಮಾಡೋರಿದ್ರ ಗುಳಿಗಿ ವಿಷಯ ಮೊದ್ಲೇ ಹೇಳ್ಬೇಕು, ಕಾರಣ ಅದೇ. ಹಚ್ಚೋ ಫಿನಾಸ್ಟರೈಡೂ ಸಿಗ್ತದ, ಅದೂ ಸ್ವಲ್ಪ ರಕ್ತಕ್ಕ ಹೋಗೇ ಹೋಗ್ತದ, ಪೂರಾ ನಿರಪಾಯ ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ಡುಟಾಸ್ಟರೈಡ್ ಅಂತ ಇನ್ನೂ ಜೋರಿಂದು ಅದ, ದಕ್ಷಿಣ ಕೊರಿಯಾದಾಗ 2009ರಾಗ ಕೂದ್ಲಿಗಿ ಒಪ್ಪಿಗಿ ಸಿಕ್ಕದ, ಆದ್ರ ದೇಹದಾಗಿಂದ ಹೋಗ್ಲಾಕ ತಿಂಗಳುಗಟ್ಟಲೆ ಬೇಕು, ನಿಮ್ಮ ವಯಸ್ಸಿಗಿ ಮೊದಲನೇ ಔಷಧ ಅಂತ ನಾ ಕೊಡಲ್ಲ.

ಮಿನಾಕ್ಸಿಡಿಲ್ ವಿಷಯಕ್ಕ ನನಗ ನಿಜವಾಗ್ಲೂ ಕೆಡಕನ್ನಿಸ್ತು, ಯಾಕಂದ್ರ ನೀವು ಐದನೇ ವಾರಕ್ಕ ಬಿಟ್ಟೀರಿ, ಔಷಧ ಹತ್ತಿದ ಗುರ್ತು ಕಂಡಾಗಲೇ ಬಿಟ್ಟೀರಿ. ಈ ಔಷಧ ಮೊದ್ಲು ಬಿಪಿ ಗುಳಿಗಿ ಆಗಿತ್ತು, 1979ರಾಗ ಬಂತು, ತೊಗೊಂಡೋರಾಗ ಭಾಳ ಮಂದಿಗಿ ಮೈ ಮ್ಯಾಲ ಕೂದ್ಲ ಹುಟ್ಲಾಕತ್ತವು, ಅದನ್ನ ನೋಡಿ ಹಚ್ಚೋ ಔಷಧ ಮಾಡಿದ್ರು, 1988ರಾಗ ಶೇಕಡಾ 2ರದ್ದಕ್ಕ ಒಪ್ಪಿಗಿ ಸಿಕ್ತು. ಅದು ಸುಮ್ನ ಕುಂತ ಬೇರನ್ನ ಎಬ್ಬಿಸಿ ಬೆಳ್ಯೋ ಪಾಳಿಗಿ ನೂಕ್ತದ, ಹೊಸಾ ಕೂದ್ಲ ಕೆಳಗಿಂದ ಬರ್ಬೇಕಂದ್ರ ಮ್ಯಾಲ ಸುಮ್ನ ಕುಂತಿದ್ದ ಹಳೇದು ಜಾಗಾ ಬಿಡ್ಬೇಕು, ಅದಕ್ಕೇ ಎರಡನೇ ವಾರದಿಂದ ಎಂಟನೇ ವಾರದ ತನಕ ಜಾಸ್ತಿ ಉದುರ್ತಾವ. ಮೆಡಿಕಲ್ ಅಂಗಡಿಯೋರು ಬಾಟ್ಲಿ ಕೊಟ್ರು, ಈ ಒಂದು ಮಾತು ಹೇಳ್ಲಿಲ್ಲ. ನಮ್ಮ ಕಡಿ ಎಷ್ಟೋ ಹುಡುಗರು ಇದೇ ಜಾಗಕ್ಕ ಬಂದು ವಾಪಸ್ ಹೋಗ್ಯಾರ, ಈ ಔಷಧ ನಮಗ ಆಗಿಬರಲ್ಲ ಅಂತ ತಿಳ್ಕೊಂಡು ಮುಂದ ನಾಲ್ಕೈದು ವರ್ಷ ಎಣ್ಣಿ ಹಿಂದ ಅಡ್ಡಾಡ್ಯಾರ.

ಹಚ್ಚೋದು ಹ್ಯಾಂಗ ಅಂದ್ರ, ಶೇಕಡಾ 5ರದ್ದು, ಒಂದು ಎಂಎಲ್, ದಿನಕ್ಕ ಎರಡು ಸಲ, ಒಣಗಿದ ತೆಲಿಗಿ, ಬೈತೆಲಿ ತೆಗದಂಗ ಕೂದ್ಲ ಸರಿಸಿ ಚರ್ಮಕ್ಕ ತಾಗಬೇಕು, ಕೂದ್ಲಿಗಲ್ಲ. ಹಚ್ಚಿದ ಮ್ಯಾಲ ನಾಲ್ಕು ತಾಸು ತೆಲಿ ತೋಯಿಸಬ್ಯಾಡ್ರಿ. ಅದರ ಮ್ಯಾಲ ಎಣ್ಣಿ ಬಳಿಯೋದು ಬ್ಯಾಡ, ನಮ್ಮ ಮೇ ತಿಂಗಳ ಬಿಸಲಾಗ ಬೆವತು ಹಣಿ ಮ್ಯಾಲ ಇಳಿದು ಬರ್ತದ ಅಂತ ಭಾಳ ಮಂದಿ ಬಿಡ್ತಾರ, ಅಂಥೋರು ರಾತ್ರಿದು ಮಲಗೋ ಎರಡು ತಾಸು ಮೊದ್ಲು ಹಚ್ರಿ, ಬೆಳಗಿಂದು ಜಳಕಾ ಆಗಿ ಒಣಗಿದ ಮ್ಯಾಲ. ಹಚ್ಚಿದ ಕೈ ಸಾಬೂನಿಲೆ ತೊಳೀರಿ. ಮನ್ಯಾಗ ಬೆಕ್ಕಿದ್ರ ಭಾಳ ಹುಷಾರು, ಈ ಔಷಧ ಬೆಕ್ಕಿಗಿ ವಿಷ, ದಿಂಬು ನೆಕ್ಕಿದ್ರೂ ಜೀವಕ್ಕ ಅಪಾಯ. ತುರಿಕಿ ಬಂದ್ರ ಅದು ಹೆಚ್ಚಾಗಿ ಬಾಟ್ಲಿಯೊಳಗಿನ ಪ್ರೊಪಿಲೀನ್ ಗ್ಲೈಕಾಲ್‌ದಿಂದ, ನೊರಿ ರೂಪದ್ದು ಸಿಗ್ತದ, ಅದರಾಗ ಅದು ಇರಲ್ಲ. ಫಲ ನೋಡ್ಲಾಕ ನಾಲ್ಕರಿಂದ ಆರು ತಿಂಗಳು, ಪೂರಾ ನಿರ್ಧಾರಕ್ಕ ಒಂದು ವರ್ಷ. ಬಿಟ್ರ ಮೂರು ನಾಲ್ಕು ತಿಂಗಳಾಗ ಗಳಿಸಿದ್ದು ಹೋಗ್ತದ, ಇದನ್ನ ಮೊದ್ಲೇ ತಿಳ್ಕೊಂಡು ಶುರು ಮಾಡ್ರಿ, ಬಿಪಿ ಗುಳಿಗಿ ಇದ್ದಂಗ ಇದೂ ಕಾಯಂ.

ಸಣ್ಣ ಡೋಸಿನಾಗ ನುಂಗೋ ಮಿನಾಕ್ಸಿಡಿಲ್ ಈಗ ಭಾಳ ಡಾಕ್ಟರು ಕೊಡ್ಲಾಕತ್ಯಾರ, ಕೂದ್ಲಿಗಿ ಅಂತ ಅಧಿಕೃತ ಒಪ್ಪಿಗಿ ಅದಕ್ಕಿಲ್ಲ. 2024ರಾಗ ಬ್ರೆಜಿಲ್‌ನ ಒಂದು ಟ್ರಯಲ್‌ದಾಗ ದಿನಾ 5 ಮಿಲಿಗ್ರಾಂ ನುಂಗೋದು, ಶೇಕಡಾ 5 ಎರಡು ಹೊತ್ತು ಹಚ್ಚೋದಕಿಂತ ಹೆಚ್ಚಿನದೇನೂ ಅಲ್ಲ ಅಂತ ಬಂತು. ಹಚ್ಚೋದು ಆಗೋದೇ ಇಲ್ಲ ಅನ್ನೋರಿಗಿ ಅದು ದಾರಿ, ಆದ್ರ ಕಾಲು ಬಾವು, ಎದಿ ಡವಡವ, ಮುಖ ಕೈ ಮ್ಯಾಲ ಕೂದ್ಲ ಬರಬಹುದು, ಹೃದಯದ ತೊಂದ್ರಿ ಇದ್ದೋರಿಗಿ ಬ್ಯಾಡ, ಅಂಗಡಿಗಿ ಹೋಗಿ ತಾವೇ ತೊಗೊಂಡು ನುಂಗೋದಂತೂ ಬ್ಯಾಡೇ ಬ್ಯಾಡ.

ಉಳ್ಳಾಗಡ್ಡಿ ವಿಷಯ ಪೂರಾ ಸುಳ್ಳಲ್ಲ, ಜಾಗಾ ತಪ್ಪಿ ಬಂದದ ಅಷ್ಟೇ. 2002ರಾಗ ಬಾಗ್ದಾದಿನ ಡಾಕ್ಟರುಗಳು ಒಂದು ಸಣ್ಣ ಅಧ್ಯಯನ ಮಾಡಿದ್ರು, 38 ಮಂದಿ, ಕೆಲವರಿಗಿ ಉಳ್ಳಾಗಡ್ಡಿ ರಸ, ಕೆಲವರಿಗಿ ನಳದ ನೀರು. ಆದ್ರ ಅವರಿಗಿದ್ದದ್ದು ನಿಮ್ಮ ಅಕ್ಕನ ಮಗನಂಗ ದುಂಡಗ ಬೋಳಾಗೋ ರೋಗ. ನಿಮ್ಮದಕ್ಕ ಅದು ಅಲ್ಲ. ರೋಸ್‌ಮೆರಿ ಎಣ್ಣಿನೂ 2015ರ ಇರಾನಿನ ಒಂದು ಅಧ್ಯಯನದಿಂದ ಹೆಸರಾಯ್ತು, ಶೇಕಡಾ 2ರ ಮಿನಾಕ್ಸಿಡಿಲ್ ಜೋಡಿ ಹೋಲಿಸಿದ್ರು, ಆರು ತಿಂಗಳಿಗಿ ಎರಡರಾಗೂ ಏರಿದ್ದು ಸ್ವಲ್ಪೇ. ಬಯೋಟಿನ್ ಕೊರತಿ ನಮ್ಮ ಊಟ ಉಣ್ಣೋರಿಗಿ ಬರೋದು ಅಪರೂಪ, ಕೊರತಿ ಇಲ್ದೋರಿಗಿ ಅದರಿಂದ ಲಾಭ ಇಲ್ಲ, ಆದ್ರ ಒಂದು ಹಾನಿ ಅದ, ಥೈರಾಯ್ಡ್ ಟೆಸ್ಟ್ ತಪ್ಪು ಬರ್ತದ, ಹಾರ್ಟ್ ಅಟ್ಯಾಕ್ ನೋಡೋ ಟ್ರೋಪೋನಿನ್ ಟೆಸ್ಟೂ ತಪ್ಪು ಬರಬಹುದು, ಎಫ್‌ಡಿಎ 2017ರಾಗ ಎಚ್ಚರಿಕಿ ಕೊಟ್ಟದ. ರಕ್ತ ಕೊಡುವಾಗ ಲ್ಯಾಬಿನೋರಿಗಿ ಹೇಳ್ರಿ. ಜಾತ್ರಿ ಎಣ್ಣಿಗಿ ಏನು ಹೇಳ್ಲಿ, ನಮ್ಮ ದೇಶದ 1945ರ ಡ್ರಗ್ಸ್ ರೂಲ್ಸ್‌ದಾಗ ಶೆಡ್ಯೂಲ್ ಜೆ ಅಂತ ಅದ, ಯಾವ ಔಷಧದ ಮ್ಯಾಲೂ ಇಂಥಿಂಥಾ ರೋಗ ವಾಸಿ ಮಾಡ್ತದ ಅಂತ ಬರೀಬಾರದು ಅನ್ನೋ ಪಟ್ಟಿ, ಅದರಾಗ ಬಕ್ಕತೆಲಿ, ಬಾಲನೆರೆ, ಹೊಸಾ ಕೂದ್ಲ ಹುಟ್ಟಸೋದು ಮೂರೂ ಅವ. ಬಾಟ್ಲಿ ಮ್ಯಾಲ ಹಂಗ ಬರದದ ಅಂದ್ರ ಅದೇ ಕಾನೂನು ಮುರಿದಂಗ.

ನೀರಿನ ಮಾತು. ನಮ್ಮ ಕಡಿ ಬೋರ್ ನೀರು ಸವಳು, ಖರೇ, ಕೂದ್ಲ ಒರಟಾಗ್ತಾವ, ಸಾಬೂನು ನೊರಿ ಬರಲ್ಲ, ಬಾಚುವಾಗ ನಡುವ ಮುರಿತಾವ. ಆದ್ರ ಹಣಿ ಎರಡು ಬದಿ ಹುಡುಕಿ ಅಲ್ಲೇ ತೆಳ್ಳಗ ಮಾಡೋ ಬುದ್ಧಿ ನೀರಿಗಿಲ್ಲ, ಹಿಂದಿನ ಕೂದ್ಲೂ ಅದೇ ನೀರಿಲೆ ತೊಳ್ಕೋತೀರಿ, ಅವು ದಪ್ಪಗೇ ಅವ. ಕ್ಯಾನ್ ನೀರಿನ ಖರ್ಚು ಉಳಸ್ರಿ. ಹೆಲ್ಮೆಟ್ಟಿಂದನೂ ಆಗಲ್ಲ, ದಯಮಾಡಿ ಅದನ್ನ ಬಿಡಬ್ಯಾಡ್ರಿ. 2025ರ ಜನವರಿಯಾಗ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲಾ ಶೇಗಾಂವ ಸುತ್ತಮುತ್ತ ಹಳ್ಯಾಗ ಮಂದಿಗಿ ಮೂರ್ನಾಲ್ಕು ದಿನದಾಗ ತೆಲಿ ಬೋಳಾದದ್ದು ಟಿವ್ಯಾಗ ನೋಡಿರ್ತೀರಿ, ಅಲ್ಲೂ ಮೊದ್ಲು ನೀರು ಅಂದ್ರು, ಫಂಗಸ್ ಅಂದ್ರು, ಆಮ್ಯಾಲ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ರೇಷನ್ ಗೋಧಿಯೊಳಗಿನ ಸೆಲೆನಿಯಮ್ ಕಡಿ ಬೆರಳು ತೋರಿಸಿದ್ರು. ಊರಿಗೂರೇ ಒಮ್ಮೆಲೆ ಉದುರಿದ್ರ ಹಂಗ ಹುಡುಕಬೇಕು. ಒಬ್ಬನ ಹಣಿ ಐದು ವರ್ಷ ಸರಿದ್ರ ಮನೆತನ ಹುಡುಕಬೇಕು.

ಈಗ ಹೈದರಾಬಾದಿನ ಪ್ಯಾಕೇಜು. ಕಸಿ ಅನ್ನೋದು ಒಳ್ಳೆ ಚಿಕಿತ್ಸಾ, ಅದರ ಮ್ಯಾಲ ನನ್ನದೇನೂ ತಕರಾರಿಲ್ಲ. ನಾರ್ಮನ್ ಓರೆಂಟ್ರೈಖ್ ಅನ್ನೋ ನ್ಯೂಯಾರ್ಕ್ ಡಾಕ್ಟರು 1959ರಾಗ ಬರದದ್ದೇ ಅದರ ಬುನಾದಿ, ಹಿಂದಿನ ಕೂದ್ಲ ಮುಂದ ನೆಟ್ರೂ ತನ್ನ ಹಿಂದಿನ ಗುಣಾನೇ ಹಿಡಿತದ, ಡಿಎಚ್‌ಟಿಗಿ ಬಗ್ಗಲ್ಲ. ಆದ್ರ ಅಲ್ಲಿರೋದು ಬಿತ್ತನೆ ಬೀಜದ ಗಂಟಿದ್ದಂಗ, ಜೀವಮಾನಕ್ಕ ಒಂದೇ ಗಂಟು, ತೆಗದ ಜಾಗಾದಾಗ ಮತ್ತ ಹುಟ್ಟಲ್ಲ. 27ಕ್ಕ ನಿಮ್ಮ ಬೋಳು ಎಲ್ಲೀತನಕ ಹೋಗ್ತದ ಅಂತ ಯಾರಿಗೂ ಹೇಳ್ಲಾಕ ಬರಲ್ಲ. ಒಂದೇ ದಿನ 4000 ತೆಗದು ಹಣಿ ಮುಂದ ಹಾಕಿಸ್ಕೊಂಡ್ರ, ಔಷಧ ಇಲ್ದ ಹಿಂದಿನ ಸ್ವಂತ ಕೂದ್ಲ ಹೋಗ್ತಾ ಇರ್ತಾವ, 35ಕ್ಕ ಮುಂದ ಒಂದು ಸಾಲು ಗಟ್ಟಿ ಕೂದ್ಲ, ಅದರ ಹಿಂದ ಬಯಲು, ಅದನ್ನ ತುಂಬ್ಲಾಕ ಗಂಟಿನಾಗ ಏನೂ ಇರಲ್ಲ. ಅಂಥಾ ತೆಲಿ ನಾ ನೋಡೀನಿ, ಅಂಥೋರು ಬೋಳಿಸಿಕೊಂಡು ಅಡ್ಡಾಡ್ಲಾಕೂ ಬರಲ್ಲ, ಹಿಂದ ಚುಕ್ಕಿ ಚುಕ್ಕಿ ಕಲೆ ಕಾಣ್ತಾವ. ಮತ್ತ ನಿಮ್ಮ ಮದುವಿ ನಾಲ್ಕು ತಿಂಗಳಿಗಿ ಅದ. ನೆಟ್ಟ ಕೂದ್ಲ ಮೊದಲ ಆರು ವಾರದಾಗ ಉದುರಿ ಹೋಗ್ತಾವ, ಮೂರು ನಾಲ್ಕು ತಿಂಗಳಿಗಿ ಮತ್ತ ಮೊಳಕಿ ಬರ್ತಾವ, ಪೂರಾ ರೂಪ ಕಾಣ್ಲಾಕ ವರ್ಷ ಬೇಕು. ಅಂದ್ರ ಸಾಲಾ ಮಾಡಿ ಹೋಗಿ ಬಂದ್ರ ಅಕ್ಷತಾ ಬೀಳೋ ದಿನ ನಿಮ್ಮ ತೆಲಿ ಈಗಿನಕಿಂತ ತೆಳ್ಳಗಿರೋದೇ ಹೆಚ್ಚು. ಇದನ್ನ ಅವರು ಹೇಳ್ಯಾರೇನು?

ಮುಂದ ಯಾವಾಗರ ಮಾಡಸೋದಿದ್ರ ಒಂದು ವರ್ಷ ಔಷಧ ತೊಗೊಂಡು ಉದುರೋದು ನಿಂತ ಮ್ಯಾಲ ಮಾಡಸ್ರಿ, ಆವಾಗ ಕೇಳ್ಬೇಕಾದ್ದು ಎಷ್ಟು ಗ್ರಾಫ್ಟ್ ಅಂತಲ್ಲ, ಕತ್ತರಿ ಯಾರ ಕೈಯಾಗಿರ್ತದ ಅಂತ. ಡಾಕ್ಟರ ಹೆಸರು, ರಿಜಿಸ್ಟ್ರೇಶನ್ ನಂಬರ್ ಕೇಳ್ರಿ, ಅವರು ಪೂರಾ ಹೊತ್ತು ಕೋಣ್ಯಾಗ ಇರ್ತಾರೇನು ಕೇಳ್ರಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಾಗೇ ಹೇಳ್ಯದ, ಯೂಟ್ಯೂಬ್ ನೋಡಿ, ವರ್ಕ್‌ಶಾಪ್‌ದಾಗ ಕುಂತು ಕಲ್ತೋರು ಈ ಕೆಲಸ ಶುರು ಮಾಡ್ಬಾರದು ಅಂತ. ನಿಮ್ಮದೇ ರಕ್ತ ತೆಗದು ತಿರುಗಿಸಿ ತೆಲಿಗಿ ಸೂಜಿ ಹಾಕೋ ಪಿಆರ್‌ಪಿ ಕೆಲವರಿಗಿ ಸ್ವಲ್ಪ ಉಪಯೋಗ ಆಗ್ತದ, ಆದ್ರ ಒಬ್ಬೊಬ್ಬರು ಒಂದೊಂದು ನಮೂನಿ ಮಾಡ್ತಾರ, ರೊಕ್ಕ ಇದ್ರ ಮ್ಯಾಲಿನ ಎರಡು ಔಷಧದ ಜೋಡಿ ಮಾಡಸ್ಬಹುದು, ಅವುಗಳ ಬದಲಿ ಅಲ್ಲ. ಹೊಸಾ ಔಷಧಗಳ ಹುಡುಕಾಟ ನಡದೇ ಅದ, ಮೊಡವಿಗಿ 2020ರಾಗ ಒಪ್ಪಿಗಿ ಸಿಕ್ಕ ಕ್ಲಾಸ್ಕೊಟೆರೋನ್ ಅನ್ನೋ ಹಚ್ಚೋ ಔಷಧವನ್ನ ಕೂದ್ಲಿಗೂ ಪರೀಕ್ಷಾ ಮಾಡ್ಯಾರ, ಆದ್ರ ಅದಕ್ಕ ಕಾಯ್ಕೊಂತ ಈಗಿದ್ದ ಕೂದ್ಲ ಕಳ್ಕೋಬ್ಯಾಡ್ರಿ.

ಅಕ್ಕನ ಮಗನ ವಿಷಯ ಇದಕ್ಕೆಲ್ಲಾ ಸಂಬಂಧ ಇಲ್ಲ, ಆದ್ರ ಅದನ್ನ ನಿಮ್ಮದಕಿಂತ ಮೊದ್ಲು ತೋರಸ್ಬೇಕು. ಬೋಳಾದ ಜಾಗಾ ನುಣ್ಣಗ, ಹೊಟ್ಟಿಲ್ದ, ತುರಿಕಿ ಇಲ್ದ ಇದ್ರ ಅದು ಅಲೋಪೀಸಿಯಾ ಏರಿಯೇಟಾ, ಅಲ್ಲಿ ಹುಳಾನೂ ಇಲ್ಲ ಮಣ್ಣೂ ಇಲ್ಲ, ನಮ್ಮದೇ ರಕ್ಷಣಾ ಪಡೆ ತಪ್ಪಿ ಕೂದ್ಲಿನ ಬೇರಿನ ಮ್ಯಾಲ ಬೀಳ್ತದ, ಸಣ್ಣ ಚುಕ್ಕಿ ಭಾಳ ಸಲ ತಾನೇ ತುಂಬ್ಕೋತದ. ಹೊಟ್ಟು, ಕೆರತ, ಮುರದ ಕೂದ್ಲಿನ ಕರೇ ಚುಕ್ಕಿ ಇದ್ರ ಅದು ಹುಳುಕಡ್ಡಿ ಫಂಗಸ್ಸು, ಮಕ್ಕಳಿಗಿ ಬರೋದು, ಒಬ್ಬರಿಂದ ಒಬ್ಬರಿಗಿ ಹತ್ತತದ, ಮುಲಾಮಿಗಿ ಹೋಗಲ್ಲ, ನುಂಗೋ ಔಷಧನೇ ಬೇಕು, ತಡಾ ಮಾಡಿದ್ರ ಕೀವಾಗಿ ಕಲೆ ಬಿದ್ದು ಅಲ್ಲಿ ಕಾಯಂ ಕೂದ್ಲ ಬರದಂಗ ಆಗಬಹುದು. ಬೆಳ್ಳೊಳ್ಳಿ ಅರದು ತಿಕ್ಕಿ ಸುಟ್ಟ ಗಾಯ ಮಾಡ್ಕೊಂಡು ಬಂದ ಮಕ್ಕಳನ್ನ ನೋಡಿದ್ರ ನನಗ ಸಿಟ್ಟೂ ಬರ್ತದ ಅಳೂ ಬರ್ತದ, ಅದನ್ನೊಂದು ಮಾಡಬ್ಯಾಡ್ರಿ ಅಂತ ಅಕ್ಕಗ ಇವತ್ತೇ ಫೋನ್ ಮಾಡಿ ಹೇಳ್ರಿ. ಏರಿಯೇಟಾ ಪೂರಾ ತೆಲಿಗಿ ಹರಡಿದ ದೊಡ್ಡೋರಿಗಿ ಈಗ ಆ ರಕ್ಷಣಾ ಪಡೆನ್ನ ತಡಿಯೋ ಜಾಕ್ ಇನ್‌ಹಿಬಿಟರ್ ಅನ್ನೋ ಗುಳಿಗಿ ಬಂದಾವ, ಬಾರಿಸಿಟಿನಿಬ್‌ಗ 2022ರಾಗ ಒಪ್ಪಿಗಿ ಸಿಕ್ತು, ಟ್ರಯಲ್‌ದಾಗ ದಿನಾ 4 ಮಿಲಿಗ್ರಾಂ ತೊಗೊಂಡೋರಾಗ 36 ವಾರಕ್ಕ 100ಕ್ಕ 36 ರಿಂದ 39 ಮಂದಿಗಿ ತೆಲಿ ಶೇಕಡಾ 80 ಇಲ್ಲಾ ಅದಕ್ಕಿಂತ ಜಾಸ್ತಿ ತುಂಬ್ತು. 12 ವರ್ಷದ ಮ್ಯಾಲಿನೋರಿಗಿ 2023ರಾಗ ರಿಟ್ಲೆಸಿಟಿನಿಬ್ ಬಂತು. ಹುಡುಗಗ ಒಂದು ಚುಕ್ಕಿಗಿ ಇವೇನೂ ಬೇಕಾಗಲ್ಲ.

ಇಷ್ಟು ಮಾಡ್ರಿ. ಈ ಐತವಾರ ಕಿಟಕಿ ಬೆಳಕಿನಾಗ, ಒಣ ತೆಲಿ, ಹಣಿ ಒಂದು ಫೋಟೋ, ಎರಡು ಬದಿ ಎರಡು, ತೆಲಿ ಬಗ್ಗಿಸಿ ನೆತ್ತಿದೊಂದು, ತೆಗದು ಇಟ್ಕೋರಿ, ಮೂರು ತಿಂಗಳಿಗೊಮ್ಮೆ ಅದೇ ಜಾಗಾ, ಅದೇ ಬೆಳಕು. ಕನ್ನಡಿ ದಿನಾ ಬ್ಯಾರೆ ಬ್ಯಾರೆ ಹೇಳ್ತದ, ಔಷಧ ಹತ್ತ್ಯದೋ ಇಲ್ಲೋ ಅನ್ನೋದು ಫೋಟೋದಾಗ ತಿಳಿತದ. ಆಮ್ಯಾಲ ಚರ್ಮದ ಡಾಕ್ಟರಿಗಿ ಒಮ್ಮೆ ತೋರಸ್ರಿ, ಖಾಸಗಿ ಆಗದಿದ್ರ ಸರಕಾರಿ ದವಾಖಾನಿಗಳಾದ ಕಲಬುರಗಿ ಜಿಮ್ಸ್‌ದಾಗ, ಬೀದರ ಬ್ರಿಮ್ಸ್‌ದಾಗ ಚರ್ಮರೋಗ ವಿಭಾಗ ಅದ, ಸಾಲಾ ಮಾಡೋ ಮಾತೇ ಇಲ್ಲ. ಮಿನಾಕ್ಸಿಡಿಲ್ ಮತ್ತ ಶುರು ಮಾಡೋದು, ಫಿನಾಸ್ಟರೈಡ್ ತೊಗೊಳ್ಳೋದೋ ಬಿಡೋದೋ ಅಂತ ಅವರ ಮುಂದ ಕುಂತು ನಿರ್ಧಾರ ಮಾಡ್ರಿ, ತೊಗೊಳ್ಳಲ್ಲ ಅಂದ್ರೂ ಅದು ತಪ್ಪಲ್ಲ, ಹಚ್ಚೋದೊಂದೇ ಮಾಡಿದ್ರೂ ಏನೂ ಮಾಡದಕಿಂತ ಭಾಳ ಪಾಡು. ಮದುವಿಗಿ ಛಲೋ ಕಟಿಂಗ್ ಮಾಡೋರ ಹತ್ರ ಹೋಗಿ ಬದಿಗಿ ಗಿಡ್ಡ ಮಾಡಸ್ರಿ, ಬದಿ ಗಿಡ್ಡಾದ್ರ ನೆತ್ತಿ ದಪ್ಪ ಕಾಣ್ತದ. ದವಾಖಾನಿಗಿ ಬರುವಾಗ ಹಿಂದಿನ ದಿನ ತೆಲಿ ತೊಳ್ಕೊಂಡು, ಎಣ್ಣಿ ಹಚ್ಚದ ಬರ್ರಿ, ಎಣ್ಣಿ ಇದ್ರ ದುರ್ಬೀನಿನಾಗ ಸಣ್ಣ ಕೂದ್ಲ ಕಾಣಂಗಿಲ್ಲ.